ಬೇಡವಾದ ಒಂದು ಬಾತುಮರಿ: ತರಗತಿಯ ಯೋಜನೆ ಮುಗಿದ ಮೇಲೆ ಉಳಿಯುವ ಪ್ರಶ್ನೆ

(ಗಡಿನಾಡಿನ ಕನ್ನಡ ಮಾಧ್ಯಮ ಶಾಲಾ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮೊಟ್ಟೆಯಿಂದ ಮರಿ ಹೊರಬರುವುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬ ಆಸೆ ವಿಜ್ಞಾನ ಕಲಿಸುವ ಶಿಕ್ಷಕರಲ್ಲಿ ಸಹಜವಾದುದು. ಅದಕ್ಕೆ ಬೇಕಾದ ಸಾಮಗ್ರಿಯೂ ದುಬಾರಿಯದಲ್ಲ. ಒಂದು ಥರ್ಮೋಕೋಲ್ ಪೆಟ್ಟಿಗೆ, ಒಂದು ಬಲ್ಬು, ತಾಪವನ್ನು ನಿಯಂತ್ರಿಸುವ ಚಿಕ್ಕ ಉಪಕರಣ, ಒಂದು ಬಟ್ಟಲು ನೀರು, ಹತ್ತು ಹನ್ನೆರಡು ಮೊಟ್ಟೆ. ಯೋಜನಾ ಪುಸ್ತಕದಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ಐದು ಶೀರ್ಷಿಕೆಗಳಿರುತ್ತವೆ. ಮರಿ ಹೊರಬಂದ ದಿನ ತೀರ್ಮಾನವನ್ನು ಬರೆದು ಪುಸ್ತಕ ಮುಚ್ಚಲಾಗುತ್ತದೆ. ಆದರೆ ಮರಿಯ ಪಾಲಿಗೆ ಅದು ಮೊದಲ ದಿನ. ಆರನೆಯ ಶೀರ್ಷಿಕೆಯೊಂದು ಆ ಪುಸ್ತಕದಲ್ಲಿ ಇಲ್ಲದಿರುವುದರಿಂದ ಒಂದು ಶಾಲೆಯಲ್ಲಿ ಏನಾಯಿತು, ಅಲ್ಲಿಯ ಶಿಕ್ಷಕಿ ಮತ್ತು ಮಕ್ಕಳು ಅದನ್ನು ಹೇಗೆ ನಿಭಾಯಿಸಿದರು ಎಂಬುದೇ ಈ ಉಪನ್ಯಾಸದ ವಸ್ತು. ಶಾಲೆಯ ಹೆಸರಾಗಲಿ ವ್ಯಕ್ತಿಗಳ ಹೆಸರಾಗಲಿ ಇಲ್ಲಿ ಅಗತ್ಯವಿಲ್ಲ.

ಶಾಲೆ ಇರುವುದು ಕಾಸರಗೋಡಿನ ಉತ್ತರ ಭಾಗದಲ್ಲಿ, ಅಡಿಕೆ ತೋಟಗಳ ನಡುವೆ. ಏಳನೆಯ ತರಗತಿಯಲ್ಲಿ ಇಪ್ಪತ್ತಕ್ಕೆ ಎರಡು ಕಡಿಮೆ ಮಕ್ಕಳು. ಮನೆಯಲ್ಲಿ ಕೆಲವರದು ತುಳು, ಕೆಲವರದು ಮಲಯಾಳ, ಕೆಲವರದು ಕೊಂಕಣಿ, ಕೆಲವರದು ಹವ್ಯಕ ಕನ್ನಡ. ಎಲ್ಲರನ್ನೂ ಕೂಡಿಸುವುದು ತರಗತಿಯ ಕನ್ನಡ. ಬಾತುಕೋಳಿ ಎಂಬ ಪದವನ್ನು ಪಠ್ಯದಲ್ಲಿ ಓದಿದ ಒಬ್ಬ ಹುಡುಗ ಅದು ಯಾವ ಜಾತಿಯ ಕೋಳಿಯೆಂದು ಕೇಳಿದ್ದೇ ಯೋಜನೆಗೆ ಮೂಲವಾಯಿತು. ಅವನ ಮನೆಯಲ್ಲಿ ಎರಡು ಬಾತುಗಳಿದ್ದವು. ಆದರೆ ಅವನಿಗೆ ಅವು 'ತಾರಾವು'. ಇಂಥ ಅನುಭವ ಗಡಿಯ ಎಲ್ಲ ದಿಕ್ಕುಗಳಲ್ಲಿಯೂ ಇದೆ. ಸೊಲ್ಲಾಪುರ, ಅಕ್ಕಲಕೋಟೆಯ ಮಗುವಿನ ಕಿವಿಗೆ 'ಬದಕ' ಬಿದ್ದಿರುತ್ತದೆ, ತಾಳವಾಡಿಯ ಮಗುವಿಗೆ 'ವಾತ್ತು'. ಆದೋನಿ, ಮಡಕಶಿರಾದ ಕಡೆ ಮಾತ್ರ ತೆಲುಗಿನ ಬಾತು ಕನ್ನಡದ ಬಾತುವಿಗೆ ನೆರೆಯವನಾಗಿ ಸಿಗುತ್ತದೆ. ಮಗುವಿಗೆ ಗೊತ್ತಿರುವ ಪ್ರಾಣಿಯೇ ಪುಸ್ತಕದಲ್ಲಿ ಅಪರಿಚಿತವಾಗುವ ಈ ಸಂದರ್ಭವನ್ನು ಆ ಶಿಕ್ಷಕಿ ಸರಿಯಾಗಿಯೇ ಗುರುತಿಸಿದರು. ಪದವನ್ನು ಪ್ರಾಣಿಯೊಂದಿಗೆ ಜೋಡಿಸಲು ಮೊಟ್ಟೆಗಳನ್ನೇ ತರುವುದು ಅಗತ್ಯವಿತ್ತೇ, ಆ ಹುಡುಗನ ಮನೆಗೆ ಒಂದು ಸಂಜೆ ಹೋಗಿಬಂದಿದ್ದರೆ ಸಾಲದಿತ್ತೇ ಎಂಬುದು ಬೇರೆ ಮಾತು.

ಸಮೀಪದ ಬೈಲಿನ ಕೃಷಿಕರೊಬ್ಬರು ಹನ್ನೆರಡು ಮೊಟ್ಟೆಗಳನ್ನು ಕೊಟ್ಟರು. ಮರಿಗಳಾದ ಮೇಲೆ ತಾನೇ ಒಯ್ಯುವುದಾಗಿಯೂ ಹೇಳಿದರು. ಮಾತು ಬಾಯಿಮಾತಾಗಿಯೇ ಉಳಿಯಿತು. ಎಲ್ಲ ಮರಿಗಳನ್ನೋ ಒಳ್ಳೆಯ ಮರಿಗಳನ್ನಷ್ಟೇಯೋ ಎಂದು ಯಾರೂ ಕೇಳಲಿಲ್ಲ.

ಕೋಳಿಯ ಮೊಟ್ಟೆಗೆ 21 ದಿನ ಕಾವು ಸಾಕು, ಬಾತುಕೋಳಿಯ ಮೊಟ್ಟೆಗೆ 28 ದಿನ ಬೇಕು. 28 ದಿನವೆಂದರೆ ಸರಿಯಾಗಿ ನಾಲ್ಕು ವಾರ. ಬುಧವಾರ ಇಟ್ಟರೆ ಬುಧವಾರವೇ ಮರಿ. ಇದನ್ನು ಲೆಕ್ಕಹಾಕಿ ನವೆಂಬರಿನ ಮೊದಲ ಬುಧವಾರ ಮೊಟ್ಟೆಗಳನ್ನು ಪೆಟ್ಟಿಗೆಯಲ್ಲಿಡಲಾಯಿತು. ಈ ಯೋಜನೆಯಲ್ಲಿ ಮಕ್ಕಳು ಕಲಿತದ್ದು ಕಡಿಮೆಯೇನಲ್ಲ. ತಾಪ 37.5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. ಈಗಿನ ಎಲ್‌ಇಡಿ ಬಲ್ಬು ಬೆಳಕನ್ನಷ್ಟೇ ಕೊಡುತ್ತದೆ, ಕಾವು ಕೊಡುವುದಿಲ್ಲವೆಂದು ಮೊದಲ ದಿನವೇ ತಿಳಿದು ಹಳೆಯ ತಂತಿಯ ಬಲ್ಬಿಗಾಗಿ ಮೂರು ಅಂಗಡಿ ಅಲೆಯಬೇಕಾಯಿತು. ದಿನಕ್ಕೆ ನಾಲ್ಕೈದು ಬಾರಿ ಮೊಟ್ಟೆಗಳನ್ನು ಹೊರಳಿಸಬೇಕು, ಇಲ್ಲವಾದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಶನಿವಾರ, ಭಾನುವಾರ ಆ ಕೆಲಸಕ್ಕೆ ಶಾಲೆಯ ಪಕ್ಕದ ಮನೆಯ ಹುಡುಗಿಯೊಬ್ಬಳು ಕೀಲಿಕೈ ಪಡೆದು ಬರುತ್ತಿದ್ದಳು. ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದಾಗ ಒಂಬತ್ತರಲ್ಲಿ ಜೇಡರ ಬಲೆಯಂತಹ ರಕ್ತನಾಳಗಳು ಕಂಡವು, ಮೂರು ಬರಿದಾಗಿದ್ದವು. ಕೊನೆಯ ಮೂರು ದಿನ ಹೊರಳಿಸುವುದನ್ನು ನಿಲ್ಲಿಸಿ ತೇವಾಂಶ ಹೆಚ್ಚಿಸಲಾಯಿತು. ಆ ದಿನಗಳಲ್ಲಿ ಚಿಪ್ಪಿನೊಳಗಿಂದಲೇ ಮರಿಗಳು ಕೂಗುವುದು ಕೇಳಿಸಿದಾಗ ಇಡೀ ಶಾಲೆ ಅಲ್ಲಿ ನೆರೆಯಿತು.

ಒಂಬತ್ತರಲ್ಲಿ ಏಳು ಮರಿಗಳು ಹೊರಬಂದವು. ಎರಡು ಚಿಪ್ಪಿನೊಳಗೇ ಸತ್ತಿದ್ದವು. ಸತ್ತ ಮೊಟ್ಟೆಗಳನ್ನು ಮಕ್ಕಳಿಂದ ಮರೆಮಾಡದೆ ತೋಟದ ಬದಿಯಲ್ಲಿ ಹೂಳಿಸಿದ್ದು ಶಿಕ್ಷಕಿಯ ಒಳ್ಳೆಯ ನಿರ್ಧಾರ.

ಇನ್ನು ತಪ್ಪಿನ ವಿಷಯ. ಮರಿಗಳನ್ನು ಬೆಚ್ಚಗಿಡುವ ರಟ್ಟಿನ ಪೆಟ್ಟಿಗೆಗೆ ತಳದಲ್ಲಿ ವೃತ್ತಪತ್ರಿಕೆ ಹಾಸಲಾಗಿತ್ತು. ಶುಚಿಗೊಳಿಸಲು ಸುಲಭ ಎಂಬ ಕಾರಣಕ್ಕೆ ಅನೇಕರು ಹೀಗೆಯೇ ಮಾಡುತ್ತಾರೆ. ಆದರೆ ಒದ್ದೆಯಾದ ಕಾಗದ ಜಾರುತ್ತದೆ. ಆಗತಾನೇ ಹುಟ್ಟಿದ ಮರಿಯ ಕಾಲಿನ ಕೀಲುಗಳು ಇನ್ನೂ ಬಿಗಿಯಾಗಿರುವುದಿಲ್ಲ. ಜಾರುವ ನೆಲದಲ್ಲಿ ನಿಲ್ಲಲೆತ್ನಿಸಿದಾಗ ಕಾಲುಗಳು ಇಬ್ಬದಿಗೆ ಚಾಚಿಕೊಂಡು ಹಾಗೆಯೇ ಉಳಿದುಬಿಡಬಹುದು. ಮೂರನೆಯ ದಿನ ಆರು ಮರಿಗಳು ನೆಟ್ಟಗೆ ಓಡಾಡುತ್ತಿದ್ದವು. ಏಳನೆಯದು ಎದೆಯ ಮೇಲೆ ಕುಳಿತು ಕಾಲುಗಳನ್ನು ಹುಟ್ಟುಗಳಂತೆ ಬೀಸುತ್ತಿತ್ತು. ಶನಿವಾರ ಕೃಷಿಕರು ಬಂದರು. ಆರನ್ನು ಬುಟ್ಟಿಗೆ ಹಾಕಿಕೊಂಡರು. ಏಳನೆಯದನ್ನು ಎತ್ತಿ ನೋಡಿ ಕೆಳಗಿಟ್ಟರು. ಹಿಂಡಿನ ಹಿಂದೆ ನಡೆಯಲಾರದ ಮರಿಯನ್ನು ಎರಡು ದಿನದಲ್ಲಿ ನಾಯಿಯೋ ಮುಂಗುಸಿಯೋ ಒಯ್ಯುತ್ತದೆ, ಅದನ್ನು ಒಯ್ದು ಪ್ರಯೋಜನವೇನು ಎಂದರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಹಿಂಡು ಸಾಕಿದವರ ಲೆಕ್ಕವಿತ್ತು. ಆದರೆ ಆ ಮರಿ ಹಾಗಾದುದು ಶಾಲೆಯ ಪೆಟ್ಟಿಗೆಯಲ್ಲಿ.

ಇಲ್ಲಿಂದ ಮುಂದಿನ ಎರಡು ವಾರಗಳೇ ಈ ಯೋಜನೆಯ ನಿಜವಾದ ಪಾಠ. ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಾಗಿತ್ತು, ಅದರ ಬೆನ್ನಿಗೆ ಕ್ರಿಸ್‌ಮಸ್ ರಜೆ. ಮರಿಗೆ ಆಗಲೂ ಕೃತಕ ಕಾವು ಬೇಕಾಗುತ್ತಿತ್ತು. ಮೊದಲ ವಾರ ಸುಮಾರು 30ರಿಂದ 32 ಡಿಗ್ರಿ, ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಪೂರ್ಣ ಗರಿ ಬರಲು ಏಳೆಂಟು ವಾರಗಳೇ ಬೇಕು. ಯೋಜನೆಯ ದಿನಾಂಕ ಗೊತ್ತುಮಾಡುವಾಗ ಮರಿ ಹುಟ್ಟುವ ವಾರವನ್ನು ನೋಡಿದ ಶಿಕ್ಷಕಿ ಅದರ ನಂತರದ ಎಂಟು ವಾರಗಳನ್ನು ನೋಡಿರಲಿಲ್ಲ. ಮೊಟ್ಟೆ ಇಡುವವರು ಪಂಚಾಂಗದಲ್ಲಿ 28 ದಿನ ಎಣಿಸಿದರೆ ಸಾಲದು, 84 ದಿನವಾದರೂ ಎಣಿಸಬೇಕು. ಅದೂ ಮರಿಯನ್ನು ಕೊಂಡೊಯ್ಯುವವರ ಮನೆ ಮೊದಲೇ ಗೊತ್ತಿದ್ದರೆ.

ಮೊದಲು ಮೃಗಾಸ್ಪತ್ರೆಗೆ ಒಯ್ಯಲಾಯಿತು. ಅಲ್ಲಿಯ ವೈದ್ಯರು ಎರಡೂ ಕಾಲುಗಳನ್ನು ಸಹಜ ಅಂತರದಲ್ಲಿ ನಿಲ್ಲಿಸಿ, ಮೃದುವಾದ ಪಟ್ಟಿಯಿಂದ ಎಂಟರ ಆಕಾರದಲ್ಲಿ ಕಟ್ಟಿದರು. ಕಾಗದ ತೆಗೆದು ಗೋಣಿ ಹಾಸುವಂತೆ ಹೇಳಿದರು. ಆಹಾರದ ವಿಷಯದಲ್ಲಿ ಅವರು ಹೇಳಿದ ಎರಡು ಮಾತುಗಳನ್ನು ಪ್ರತಿಯೊಬ್ಬ ಶಿಕ್ಷಕರೂ ಗಮನಿಸತಕ್ಕದ್ದು. ಬಾತುಮರಿಗೆ ಕೋಳಿಮರಿಗಿಂತ ಹೆಚ್ಚು ನಿಯಾಸಿನ್ ಎಂಬ ಜೀವಸತ್ವ ಬೇಕು; ಕೋಳಿಮರಿಯ ಆಹಾರವನ್ನಷ್ಟೇ ಕೊಟ್ಟರೆ ಅದರ ಕಾಲು ಇನ್ನಷ್ಟು ಸೊಟ್ಟಗಾಗಬಹುದು. ಇನ್ನೊಂದು, ಬೂಷ್ಟು ಹಿಡಿದ ಜೋಳ, ಕಡಲೆಹಿಂಡಿಗಳನ್ನು ಎಂದಿಗೂ ಕೊಡಕೂಡದು. ಬೂಷ್ಟಿನಿಂದ ಉಂಟಾಗುವ ಅಫ್ಲಟಾಕ್ಸಿನ್ ವಿಷಕ್ಕೆ ಬಾತುಮರಿಗಳಷ್ಟು ಬೇಗ ತುತ್ತಾಗುವ ಜೀವಿಗಳು ವಿರಳ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಭಾರೀ ಸಂಖ್ಯೆಯಲ್ಲಿ ಸತ್ತಾಗ ಕಾರಣ ಹುಡುಕಿದ ವಿಜ್ಞಾನಿಗಳು ಕಡಲೆಹಿಂಡಿಯಲ್ಲಿ ಈ ವಿಷವನ್ನು ಪತ್ತೆಹಚ್ಚಿದರು. ಮುಂದೆ ಅದರ ಪ್ರಮಾಣವನ್ನು ಅಳೆಯಲು ಬಾತುಮರಿಗಳನ್ನೇ ಬಳಸಿದರು. ಕರಾವಳಿಯ ಮಳೆಗಾಲದಲ್ಲಿ ಗೋಣಿಯಲ್ಲಿಟ್ಟ ಧಾನ್ಯ ಹೇಗಿರುತ್ತದೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವೈದ್ಯರು ಮೂರನೆಯ ಮಾತನ್ನೂ ಹೇಳಿದರು. ಐದು ದಿನಗಳಲ್ಲಿ ಮರಿ ನಿಂತು ತಾನಾಗಿ ಆಹಾರ, ನೀರು ತೆಗೆದುಕೊಳ್ಳದಿದ್ದರೆ ಅದನ್ನು ನೋವಿಲ್ಲದೆ ಕೊನೆಗೊಳಿಸುವುದು ದಯೆಯ ದಾರಿಯಾಗಬಹುದು. ಶಿಕ್ಷಕಿ ಇದನ್ನು ಮಕ್ಕಳಿಗೆ ತಿಳಿಸಬೇಕೇ ಬೇಡವೇ ಎಂದು ಒಂದು ರಾತ್ರಿ ಯೋಚಿಸಿ ಮರುದಿನ ತಿಳಿಸಿದರು. ಏಳನೆಯ ತರಗತಿಯ ಮಕ್ಕಳು ಅಳಲಿಲ್ಲ. ಐದು ದಿನ ಎಂದರೆ ಎಂದಿನವರೆಗೆ ಎಂದು ಕೇಳಿ ಕರಿಹಲಗೆಯ ಮೂಲೆಯಲ್ಲಿ ದಿನಾಂಕ ಬರೆದರು. ನಾಲ್ಕನೆಯ ದಿನ ಮರಿ ನಿಂತಿತು. ಬಲಗಾಲು ನೆಟ್ಟಗಾಯಿತು, ಎಡಗಾಲು ಸ್ವಲ್ಪ ಹೊರಮುಖವಾಗಿಯೇ ಉಳಿಯಿತು.

ಹಾಗಾದರೆ ಈಗ ಇದು ಯಾರಿಗೆ?

ಮೊದಲು ಕೈಯೆತ್ತಿದವಳು ಶನಿವಾರ, ಭಾನುವಾರ ಮೊಟ್ಟೆ ಹೊರಳಿಸಲು ಬರುತ್ತಿದ್ದ ಹುಡುಗಿ. ಅವಳ ವಾದಕ್ಕೆ ಬಲವಿತ್ತು. ಮರಿ ಅವಳ ಹಿಂದೆಯೇ ಬರುತ್ತಿತ್ತು. ಅವಳು ಕಾಣದಾದರೆ ಕೂಗುತ್ತಿತ್ತು. ಅದಕ್ಕೆ ತಾನೆಂದರೆ ಇಷ್ಟ ಎಂದಳು. ಇಲ್ಲಿ ವಿಜ್ಞಾನ ಶಿಕ್ಷಕರು ಒಂದು ಕ್ಷಣ ನಿಲ್ಲಬೇಕು. ಹೊಸದಾಗಿ ಹುಟ್ಟಿದ ಬಾತುಮರಿ ತಾನು ಮೊದಲು ಕಂಡ ಚಲಿಸುವ ಜೀವಿಯನ್ನು, ಕೆಲವೊಮ್ಮೆ ವಸ್ತುವನ್ನು ಕೂಡ, ತಾಯಿಯಂತೆ ಹಿಂಬಾಲಿಸುತ್ತದೆ. ಬೂದು ಹೆಬ್ಬಾತುಗಳ ಮರಿಗಳಲ್ಲಿ ಈ ವರ್ತನೆಯನ್ನು ವಿವರವಾಗಿ ವಿವೇಚಿಸಿದ ಆಸ್ಟ್ರಿಯಾದ ಕಾನ್ರಾಡ್ ಲೊರೆಂಜ್ 1973ರಲ್ಲಿ ನೊಬೆಲ್ ಪುರಸ್ಕಾರವನ್ನು ಇಬ್ಬರೊಂದಿಗೆ ಹಂಚಿಕೊಂಡರು. ಅಮೆರಿಕದ ಎಕ್‌ಹಾರ್ಡ್ ಹೆಸ್ ಎಂಬ ಮನೋವಿಜ್ಞಾನಿ ಮಲ್ಲಾರ್ಡ್ ಬಾತಿನ ಮರಿಗಳನ್ನು ಪರೀಕ್ಷಿಸಿ, ಹುಟ್ಟಿದ 13ರಿಂದ 16 ಗಂಟೆಗಳ ಸುಮಾರಿಗೆ ಈ ಅಚ್ಚು ಅತ್ಯಂತ ಬಲವಾಗಿ ಬೀಳುತ್ತದೆಂದು ತೋರಿಸಿದರು. ಗಿಲ್ಬರ್ಟ್ ಗಾಟ್ಲೀಬ್ ಎಂಬ ಇನ್ನೊಬ್ಬ ಸಂಶೋಧಕರ ಕೆಲಸ ಭಾಷಾ ಶಿಕ್ಷಕರಿಗೂ ಕುತೂಹಲಕರವಾದುದು: ಮರಿ ತನ್ನ ಜಾತಿಯ ತಾಯಿಯ ಕರೆಯನ್ನು ಗುರುತಿಸುವುದಕ್ಕೆ, ಚಿಪ್ಪಿನೊಳಗಿದ್ದಾಗ ಅದು ಕೇಳಿಸಿಕೊಂಡ ತನ್ನದೇ ಸ್ವರವೂ ಕಾರಣ. ಅಂದರೆ ಆ ಹುಡುಗಿಯ ಹಿಂದೆ ಓಡಿಬಂದದ್ದು ಪ್ರೀತಿಯಲ್ಲವೆಂದು ಹೇಳಲು ಹೊರಡುವುದು ಸಲ್ಲ; ಅದು ಆಯ್ಕೆಯಂತೂ ಅಲ್ಲ. ತಾಯಿ ಇರಬೇಕಾದ ಜಾಗದಲ್ಲಿ ಒಂದು ಯೋಜನೆ ಆ ಹುಡುಗಿಯನ್ನು ನಿಲ್ಲಿಸಿತ್ತು. ಅದು ಅವಳ ಮೇಲೆ ಹೊರಿಸಿದ ಭಾರ, ಅವಳ ಅರ್ಹತೆಯ ಪ್ರಮಾಣಪತ್ರವಲ್ಲ.

ಅವಳ ಮನೆ ಸಾಲುಮನೆಗಳಲ್ಲಿ ಒಂದು. ಬಾಡಿಗೆಯದು. ಅಂಗಳ ನಾಲ್ಕು ಮನೆಗಳಿಗೆ ಸೇರಿದ್ದು, ಪಕ್ಕದಲ್ಲಿ ಎರಡು ನಾಯಿಗಳು. ತಾಯಿ ಬೀಡಿ ಕಟ್ಟುತ್ತಾರೆ, ತಂದೆ ಊರಿನಲ್ಲಿರುವುದಿಲ್ಲ. ಇದನ್ನು ತರಗತಿಯಲ್ಲಿ ಎಲ್ಲರೆದುರು ಎತ್ತಿ ಆಡುವಂತಿಲ್ಲವೆಂದು ಶಿಕ್ಷಕಿಗೆ ತಿಳಿದಿತ್ತು. ಬಡತನ ಒಂದು ಮಗುವನ್ನು ದಯೆಗೆ ಅನರ್ಹವಾಗಿಸುತ್ತದೆ ಎಂಬ ಭಾವನೆ ಹುಟ್ಟಿದರೆ ಆ ಪಾಠವನ್ನು ಅಳಿಸುವುದು ಕಷ್ಟ. ಆದುದರಿಂದ ಅವರು ಪ್ರಶ್ನೆಯ ದಿಕ್ಕನ್ನೇ ತಿರುಗಿಸಿದರು. ಮರಿ ಯಾರಿಗೆ ಬೇಕು ಎಂದು ಕೇಳುವ ಬದಲು, ಮರಿಗೆ ಏನು ಬೇಕು ಎಂದು ಕರಿಹಲಗೆಯ ಮೇಲೆ ಬರೆದರು. ಎರಡು ಕನ್ನಡ ಅವಧಿಗಳು ಅದಕ್ಕೇ ಮೀಸಲಾದವು.

ಆ ಎರಡು ಅವಧಿಗಳಲ್ಲಿ ಮಕ್ಕಳು ಬರೆದ, ಆಡಿದ ಮಾತುಗಳು ಯಾವ ಪ್ರಬಂಧಲೇಖನಕ್ಕೂ ಕಡಿಮೆಯಲ್ಲ. ನೀರು ಬೇಕು ಎಂದರು ಎಲ್ಲರೂ. ಎಷ್ಟು ನೀರು ಎಂದು ಕೇಳಿದಾಗ ಕೆರೆ ಎಂದರು. ಹುಡುಗನೊಬ್ಬ ಈಗಲೇ ಕೆರೆಗೆ ಬಿಟ್ಟರೆ ಸಾಯುತ್ತದೆ ಎಂದ. ಅವನ ಅಜ್ಜಿ ಹೇಳಿದ್ದರು. ಆ ಮಾತು ಸರಿ. ತಾಯಿಯ ಮೈಗೆ ಒತ್ತಿಕೊಂಡು ಬೆಳೆಯುವ ಮರಿಯ ತುಪ್ಪಳಕ್ಕೆ ತಾಯಿಯ ಗರಿಯ ಎಣ್ಣೆ ಸವರಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಹುಟ್ಟಿದ್ದಕ್ಕೆ ಆ ರಕ್ಷಣೆ ಇಲ್ಲ. ಅದರದೇ ಎಣ್ಣೆಗ್ರಂಥಿ ಕೆಲಸಕ್ಕೆ ಬರಲು ಕೆಲವು ವಾರಗಳು ಬೇಕು. ಅಲ್ಲಿಯವರೆಗೆ ಮೂಗಿನ ಹೊಳ್ಳೆ ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳದ ಚಿಕ್ಕ ಪಾತ್ರೆ, ಮರಿ ಅದರಲ್ಲಿ ಬೀಳದಂತೆ ನಡುವೆ ಬೆಣಚುಕಲ್ಲುಗಳು, ಇಷ್ಟು ಸಾಕು. ಸಿನಿಮಾದಲ್ಲಿ, ಚಿತ್ರಪುಸ್ತಕದಲ್ಲಿ ತೇಲುವ ಹಳದಿ ಮರಿಯ ಹಿಂದೆ ಯಾವಾಗಲೂ ತಾಯಿ ಇರುತ್ತದೆ ಎಂಬುದನ್ನು ಮಕ್ಕಳು ಆ ದಿನ ಗಮನಿಸಿದರು.

ಎಷ್ಟು ವರ್ಷ ಬದುಕುತ್ತದೆ ಎಂಬ ಪ್ರಶ್ನೆ ಬಂತು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದ ಆಸುಪಾಸು. ಹನ್ನೆರಡು ವರ್ಷದ ಮಕ್ಕಳು ತಮ್ಮ ವಯಸ್ಸಿಗೆ ಹತ್ತನ್ನು ಕೂಡಿಸಿ ನೋಡಿದರು. ಇಪ್ಪತ್ತೆರಡು. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಬಳಿಕ, ಒಂಟಿಯಾಗಿ ಇರಬಹುದೇ? ಇದಕ್ಕೆ ಉತ್ತರವನ್ನು ಮರಿಯೇ ಕೊಡುತ್ತಿತ್ತು. ಆರು ಮರಿಗಳು ಹೋದ ಶನಿವಾರದಿಂದ ಅದರ ಕೂಗು ನಿಂತಿರಲಿಲ್ಲ. ಪೆಟ್ಟಿಗೆಯಲ್ಲಿ ಕನ್ನಡಿಯಿಟ್ಟರೆ ಸ್ವಲ್ಪ ಹೊತ್ತು ಅದರ ಪಕ್ಕದಲ್ಲಿ ಮಲಗುತ್ತಿತ್ತು. ಬಾತು ಹಿಂಡಿನ ಜೀವಿ; ಒಂದೇ ಬಾತುಮರಿಯನ್ನು ದತ್ತು ಪಡೆಯುವುದು ದತ್ತು ಅಲ್ಲ, ಏಕಾಂತವಾಸ. ಹೀಗೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಒಂದು ಮರಿಗೆ ಒಂದು ಮನೆ ಹುಡುಕುತ್ತಿದ್ದವರು ಈಗ ಬಾತುಗಳಿರುವ ಮನೆ ಹುಡುಕಬೇಕು, ಇಲ್ಲವೇ ಎರಡು ಮರಿಗಳಿಗೆ ಮನೆ ಹುಡುಕಬೇಕು.

ಬಾತುಗಳಿದ್ದ ಮನೆಯ ಹುಡುಗನತ್ತ ಎಲ್ಲರೂ ತಿರುಗಿದರು. ಅವನು ಪ್ರಾಮಾಣಿಕ. ಹೆಣ್ಣಾದರೆ ಮೊಟ್ಟೆಗೆ ಇಟ್ಟುಕೊಳ್ಳುತ್ತಾರೆ, ಗಂಡಾದರೆ ಮನೆಯಲ್ಲಿ ಪದಾರ್ಥ ಮಾಡುತ್ತಾರೆ ಎಂದ. ಅರ್ಧ ತರಗತಿ ಅವನ ಮೇಲೆ ಮುಗಿಬಿತ್ತು. ಶಿಕ್ಷಕಿ ಅವನ ಪರ ನಿಂತದ್ದು ಈ ಪ್ರಸಂಗದಲ್ಲಿ ಅತ್ಯಂತ ಪ್ರಶಂಸನೀಯವಾದ ಸಂಗತಿ. ಒಂದು ಮನೆಯ ಊಟವನ್ನು ತರಗತಿಯ ಕಟಕಟೆಯಲ್ಲಿ ನಿಲ್ಲಿಸುವ ಹಕ್ಕು ಶಾಲೆಗಿಲ್ಲ. ಹೇಳಬಾರದೆನಿಸುವುದನ್ನು ಮೊದಲೇ ಹೇಳಿದ ಹುಡುಗ ಅವನೊಬ್ಬನೇ. ಉಳಿದವರು ಕೊಟ್ಟ ಮಾತುಗಳಲ್ಲಿ ಎಷ್ಟು ಮನೆಯವರ ಒಪ್ಪಿಗೆ ಪಡೆದವು? ಬಾತುಮರಿ ಗಂಡೋ ಹೆಣ್ಣೋ ಎಂಬುದು ಮೊದಲ ವಾರಗಳಲ್ಲಿ ಸಾಮಾನ್ಯರಿಗೆ ತಿಳಿಯದು. ಎರಡು ತಿಂಗಳ ಸುಮಾರಿಗೆ ಹೆಣ್ಣಿನ ಕೂಗು ಗಟ್ಟಿಯಾಗುತ್ತದೆ, ಗಂಡಿನದು ಗೊಗ್ಗರಾಗುತ್ತದೆ. ಇನ್ನೂ ಸ್ವಲ್ಪ ಸಮಯಕ್ಕೆ ಗಂಡಿನ ಬಾಲದ ಗರಿ ಮೇಲಕ್ಕೆ ಸುರುಳಿಯಾಗುತ್ತದೆ. ಗಂಡುಗಳು ಹೆಚ್ಚಾದರೆ ಹೆಣ್ಣುಗಳಿಗೆ ಗಾಯವಾಗುತ್ತದೆ, ಕೋಳಿಗಳ ಜೊತೆ ಬಿಟ್ಟರೆ ಅವಕ್ಕೂ ಅಪಾಯ. ಆದ್ದರಿಂದ ಗಂಡು ಮರಿಗೆ ನೆಲೆ ಸಿಗುವುದು ಎಲ್ಲ ಕಡೆಯೂ ಕಷ್ಟ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಶಾಲೆಗಳಿಗೆ ಮೊಟ್ಟೆ, ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಟ್ಟು ಮರಿಗಳನ್ನು ಮರಳಿ ಒಯ್ಯುವ ವ್ಯಾಪಾರಗಳೇ ಇವೆ. ಒಯ್ದ ಮರಿಗಳು ಏನಾಗುತ್ತವೆ ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಬ್ರಿಟನ್ನಿನ ಹಳೆಯ ಪ್ರಾಣಿದಯಾ ಸಂಸ್ಥೆಯಾದ ಆರ್‌ಎಸ್‌ಪಿಸಿಎ ಶಾಲೆಗಳಲ್ಲಿ ಇಂಥ ಯೋಜನೆಗಳೇ ಬೇಡವೆಂಬ ನಿಲುವನ್ನು ತಳೆದಿದೆ. ಅದನ್ನು ಅತಿಯೆನ್ನುವವರು ಮರಿ ಹೊರಬಂದ ಮರುವಾರ ಆ ತರಗತಿಯಲ್ಲಿ ಇರಬೇಕು.

ಕೆರೆಗೆ ಬಿಟ್ಟುಬಿಡೋಣ ಎಂಬ ಸಲಹೆಯೂ ಒಂದು ಬೆಂಚಿನಿಂದ ಬಂತು. ಸಾಕಿದ ಬಾತು ಕಾಡಿನ ಹಕ್ಕಿಯಲ್ಲ, ಬಹುತೇಕ ತಳಿಗಳು ಸರಿಯಾಗಿ ಹಾರಲೂ ಆರವು. ಹಸಿವು, ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ವಿಧಿಯಂತೆ ಅಪರಾಧವೂ ಹೌದು. ಸಂವಿಧಾನದ 51ಎ ಅನುಚ್ಛೇದ ಜೀವಿಗಳ ಬಗೆಗಿನ ಅನುಕಂಪವನ್ನು ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಸಮಾಜವಿಜ್ಞಾನದ ಪಾಠದಲ್ಲಿ ಉರುಹೊಡೆದ ಆ ವಾಕ್ಯವನ್ನು ಒಬ್ಬಳು ಎದ್ದುನಿಂತು ಹೇಳಿದಾಗ ಅದು ಮೊದಲ ಬಾರಿಗೆ ಒಂದು ಉಪಯೋಗಕ್ಕೆ ಬಂತು.

ಬೇಡವಾದ ಬಾತುಮರಿ ಎಂದೊಡನೆ ನೆನಪಾಗುವುದು 1843ರಲ್ಲಿ ಡೆನ್ಮಾರ್ಕಿನ ಆ್ಯಂಡರ್ಸನ್ ಪ್ರಕಟಿಸಿದ ಕುರೂಪಿ ಬಾತುಮರಿಯ ಕಥೆ. ಈ ತರಗತಿಯಲ್ಲೂ ಅದು ನೆನಪಾಯಿತು. ಕಥೆಯ ಮರಿ ಹಂಸವಾಗಿ ಎಲ್ಲರಿಗೂ ಬೇಕಾಗುತ್ತದೆ. ಈ ಮರಿ ಬೆಳೆದರೆ ಒಂದೂವರೆ ಕಿಲೋದ ಕುಂಟುವ ಬಾತು. ಅಷ್ಟೇ ಆಗಿ ಉಳಿದರೂ ಅದಕ್ಕೆ ಮನೆ ಬೇಕು ಎಂದು ಒಪ್ಪಿಕೊಳ್ಳುವುದು ಕಥೆಗಿಂತ ಕಠಿನ. ಭಾಷಾ ತರಗತಿಯಲ್ಲಿ ಈ ಹೋಲಿಕೆಯನ್ನು ಮಕ್ಕಳೇ ಮಾಡುವಂತೆ ಬಿಡುವುದು ಒಳಿತು.

ಈಗ ಶಿಕ್ಷಕಿಯ ಸರದಿ. ಅವರು ಪೇಟೆಯಲ್ಲಿ ಮಹಡಿಯ ಬಾಡಿಗೆ ಮನೆಯಲ್ಲಿರುವವರು, ರೈಲಿನಲ್ಲಿ ಬಂದು ಹೋಗುವವರು. ಮರಿಯನ್ನು ತಾನೇ ಒಯ್ದು ಸಾಕಬೇಕೆಂದು ಅವರಿಗೆ ಬಲವಾಗಿ ಅನ್ನಿಸಿತ್ತು. ವೃತ್ತಪತ್ರಿಕೆ ಹಾಸಿದವರು ತಾನೆಂಬುದು ಅದಕ್ಕೆ ಕಾರಣ. ಆದರೆ ಮಕ್ಕಳಿಗೆ ಹಾಕಿದ ಪ್ರಶ್ನೆಗಳನ್ನು ತನಗೂ ಹಾಕಿಕೊಂಡಾಗ ಮಹಡಿಯ ಮನೆಯ ಸ್ನಾನಗೃಹದಲ್ಲಿ ಹತ್ತು ವರ್ಷ ಒಂದು ಬಾತು ಬದುಕುವ ಚಿತ್ರ ಮೂಡಿತು. ಬೆಳಗ್ಗೆ ಏಳಕ್ಕೆ ಬೀಗ, ಸಂಜೆ ಆರಕ್ಕೆ ಬೀಗ ತೆಗೆಯುವುದು. ಅದು ಮರಿಗೆ ಮಾಡುವ ಪ್ರಾಯಶ್ಚಿತ್ತವಲ್ಲ, ತನ್ನ ಮನಸ್ಸಿಗೆ ಮಾಡಿಕೊಳ್ಳುವುದು. ಶಿಕ್ಷಕಿ ಇದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಿದರು: ತಪ್ಪು ತನ್ನದು, ತನಗೆ ಸಾಕುವ ಆಸೆಯಿದೆ, ಆದರೂ ತನ್ನ ಮನೆ ಇದಕ್ಕೆ ತಕ್ಕುದಲ್ಲ. ಸಾಲುಮನೆಯ ಹುಡುಗಿಗೆ ಅದೇ ಮಾತನ್ನು ಯಾರೂ ಹೇಳಬೇಕಾಗಿ ಬರಲಿಲ್ಲ. ಅವಳು ತನ್ನ ಹೆಸರನ್ನು ತಾನೇ ಹಿಂತೆಗೆದುಕೊಂಡಳು, ಟೀಚರರ ಹೆಸರು ಹೋದ ಮೇಲೆ.

ರಜೆಯ ಹತ್ತು ದಿನಗಳಿಗೆ ಮಾತ್ರ ಶಿಕ್ಷಕಿ ಮರಿಯನ್ನು ಒಯ್ದರು. ಅದಕ್ಕೆ ಮುಂಚೆ ಕೃಷಿಕರಲ್ಲಿ ಹೋಗಿ ಅದರ ಒಡಹುಟ್ಟಿದ ಮರಿಯೊಂದನ್ನು ಬೆಲೆ ಕೊಟ್ಟು ತಂದರು. ಕೃಷಿಕರು ನಕ್ಕರಂತೆ, ಬೆಲೆ ಪಡೆದರಂತೆ. ಆರೋಗ್ಯವಂತ ಮರಿ ಬಂದ ರಾತ್ರಿ ಕೂಗು ನಿಂತಿತು, ಕನ್ನಡಿಯನ್ನು ತೆಗೆಯಲಾಯಿತು.

ಈ ನಡುವೆ ಆರೋಗ್ಯದ ಕುರಿತು ಒಂದು ಮಾತು ಅವಶ್ಯ. ಬಾತುಮರಿಗಳು ನೋಡಲು ಎಷ್ಟೇ ಶುಭ್ರವಾಗಿದ್ದರೂ ಸಾಲ್ಮೊನೆಲ್ಲಾ ರೋಗಾಣುಗಳನ್ನು ಹೊತ್ತಿರಬಹುದು. ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈತೊಳೆಯದೆ ಮಧ್ಯಾಹ್ನದ ಊಟಕ್ಕೆ ಕೂರಬಾರದು, ಪೆಟ್ಟಿಗೆ ಅಡುಗೆಕೋಣೆಯ ಹತ್ತಿರ ಇರಬಾರದು. 2014ರ ನವೆಂಬರಿನಲ್ಲಿ ಕುಟ್ಟನಾಡಿನ ಬಾತುಗಳಲ್ಲಿ ಹಕ್ಕಿಜ್ವರ ಕಾಣಿಸಿದ ಬಳಿಕ ಕೇರಳದಲ್ಲಿ ಅದು ಮತ್ತೆ ಮತ್ತೆ ಮರುಕಳಿಸಿದೆ. ಅಂಥ ಸುದ್ದಿಯಿರುವ ಕಾಲದಲ್ಲಿ ಮೊಟ್ಟೆ ತರುವ ಆಲೋಚನೆಯನ್ನೇ ಬಿಡಬೇಕು. ಸ್ಥಳದ ಭೇದವೂ ಮುಖ್ಯ. ಮದಕ, ಸುರಂಗಗಳ ನೀರಿರುವ ಕಾಸರಗೋಡಿನಲ್ಲಿ ಸಾಧ್ಯವಾಗುವುದು, ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಜತ್ತದಲ್ಲಾಗಲಿ ರಾಯದುರ್ಗದಲ್ಲಾಗಲಿ ನ್ಯಾಯವಲ್ಲ. ಮನುಷ್ಯರು ಕೊಡಗಳ ಸರತಿ ಇಡುವಲ್ಲಿ ಬಾತಿಗೆ ಸ್ನಾನದ ನೀರು ಯಾರು ಕೊಟ್ಟಾರು? ನೀಲಗಿರಿಯ ಚಳಿಗಾಲದ ರಾತ್ರಿಗಳಲ್ಲಿ ವಿದ್ಯುತ್ ಹೋದರೆ ಮರಿಗಳು ಬೆಳಗು ಕಾಣವು. ಮರಿಮಾಡಿಸುವುದನ್ನು ತೋರಿಸಲೇಬೇಕೆಂದಿದ್ದರೆ ಊರಿನಲ್ಲಿ ಕಾವು ಕೂತ ಕೋಳಿಯಿರುವ ಮನೆಯನ್ನು ಹುಡುಕಿ, ಮಕ್ಕಳನ್ನು ಮೂರು ಸಲ ಅಲ್ಲಿಗೆ ಕರೆದೊಯ್ಯಬಹುದು. ಅಲ್ಲಿ ತಾಯಿಯೂ ಇರುತ್ತದೆ, ಮುಂದಿನ ಮನೆಯೂ ಗೊತ್ತಿರುತ್ತದೆ.

ಜನವರಿಯಲ್ಲಿ ಶಾಲೆ ತೆರೆದಾಗ ಬಾತುಗಳಿದ್ದ ಮನೆಯ ಅಜ್ಜಿ ತಾನಾಗಿ ಶಾಲೆಗೆ ಬಂದರು. ಮೊಮ್ಮಗ ರಜೆಯುದ್ದಕ್ಕೂ ಅದನ್ನೇ ಹೇಳಿರಬೇಕು. ಅವರು ಕುಂಟುವ ಮರಿಯನ್ನು ಎತ್ತಿ ಕಾಲನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು, ಎರಡನ್ನೂ ಒಯ್ಯುವೆನೆಂದರು. ಗಂಡಾದರೆ ಏನು ಮಾಡುವರೆಂದು ಶಿಕ್ಷಕಿ ಕೇಳಿದರು. ಕುಂಟುವುದನ್ನು ಕೊಯ್ಯುವುದಿಲ್ಲ, ಅದು ಮಕ್ಕಳದು. ಇನ್ನೊಂದರ ಮಾತು ಈಗ ಹೇಳಲಾರೆ ಎಂದರು ಅಜ್ಜಿ. ಶಿಕ್ಷಕಿ ಅದಕ್ಕೆ ಒಪ್ಪಿದರು. ಒಪ್ಪಬಾರದಿತ್ತು ಎನ್ನುವ ಸಹೋದ್ಯೋಗಿಗಳು ಆ ಶಾಲೆಯಲ್ಲಿ ಇದ್ದಾರೆ. ಒಡಹುಟ್ಟಿದ ಮರಿಯನ್ನು ಜೊತೆಗಾರನಾಗಿ ತಂದು ಅದರ ಭವಿಷ್ಯವನ್ನು ಅನಿಶ್ಚಿತಗೊಳಿಸಿದ್ದು ಇನ್ನೊಂದು ತಪ್ಪು ಎಂಬುದು ಅವರ ವಾದ. ಆ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕೃಷಿಕರ ಬುಟ್ಟಿಯಲ್ಲೇ ಉಳಿದಿದ್ದರೂ ಅದರ ಭವಿಷ್ಯ ಅದೇ ಆಗಿರುತ್ತಿತ್ತು ಎಂದಷ್ಟೇ ಹೇಳಬಹುದು.

ಮಕ್ಕಳು ಅಜ್ಜಿಯ ಹೆಸರಿಗೆ ಒಂದು ಪತ್ರ ಬರೆದುಕೊಟ್ಟರು. ಪಠ್ಯದಲ್ಲಿ ಬರುವ ಔಪಚಾರಿಕ ಪತ್ರದ ಮಾದರಿಯಲ್ಲೇ, ಇಂದ, ಗೆ, ವಿಷಯ, ಉಲ್ಲೇಖ ಎಲ್ಲವೂ ಇದ್ದವು. ಯಾವ ಆಹಾರ, ಬೂಷ್ಟು ಹಿಡಿದದ್ದು ಯಾಕೆ ಬೇಡ, ಎಂದಿನಿಂದ ನೀರಿಗೆ ಬಿಡಬಹುದು, ಬೇಸಗೆ ರಜೆಯಲ್ಲಿ ಯಾರು ಯಾವ ದಿನ ಬಂದು ಗೂಡು ತೊಳೆಯುವರು ಎಂಬುದರ ಪಟ್ಟಿ. ಅಜ್ಜಿಗೆ ಕನ್ನಡ ಓದಲು ಬಾರದು. ಮೊಮ್ಮಗ ಓದಿ ಮಲಯಾಳದಲ್ಲಿ ಹೇಳಿದ. ಆ ವರ್ಷ ಅವನು ತಪ್ಪಿಲ್ಲದೆ ಓದಿದ ಮೊದಲ ಪುಟ ಅದು ಎಂದು ಶಿಕ್ಷಕಿ ಹೇಳುತ್ತಾರೆ.

ಫೆಬ್ರವರಿಯ ಕೊನೆಯಲ್ಲಿ ತರಗತಿಯೆಲ್ಲ ಆ ಮನೆಗೆ ಹೋಯಿತು. ಆಗ ಮರಿಗಳಿಗೆ ಪೂರ್ಣ ಗರಿ ಬಂದಿತ್ತು. ಕುಂಟುವುದು ಹೆಣ್ಣೆಂದು ಕೂಗಿನಿಂದ ತಿಳಿದಿತ್ತು. ನೆಲದ ಮೇಲೆ ಅದು ಎಲ್ಲಕ್ಕಿಂತ ಹಿಂದೆ ಬೀಳುತ್ತಿತ್ತು, ನೀರಿನಲ್ಲಿ ಮಾತ್ರ ಯಾವುದು ಕುಂಟುವುದೆಂದು ಗುರುತಿಸುವುದು ಕಷ್ಟವಾಗಿತ್ತು. ಮರುದಿನ ಎಲ್ಲರೂ ಭೇಟಿಯ ವರದಿ ಬರೆದರು. ಸಾಲುಮನೆಯ ಹುಡುಗಿಯದು ನಾಲ್ಕು ವಾಕ್ಯಗಳ ವರದಿ. ತಾನು ಕರೆದೆ, ಅದು ಬರಲಿಲ್ಲ, ಕುಳದಲ್ಲಿ ಉಳಿದವುಗಳ ಜೊತೆ ಇತ್ತು, ಚೆನ್ನಾಗಿತ್ತು ಎಂದು ಬರೆದಿದ್ದಳು. ಶಿಕ್ಷಕಿ 'ಕುಳ' ಎಂಬುದರ ಮೇಲೆ ಚಿಕ್ಕದಾಗಿ 'ಕೆರೆ' ಎಂದು ಬರೆದು, ಉಳಿದದ್ದನ್ನು ಹಾಗೆಯೇ ಬಿಟ್ಟರು.